ಕಾಯ್ದು ಮಾಡಿದ ನೀರು

ಬೆಟಗೇರಿಯಲ್ಲಿ ನನ್ನದು ಫೋಟೋಗಳಿಗೆ ಗಾಜು, ಕಟ್ಟು ಹಾಕಿಕೊಡುವ ಅಂಗಡಿ. ಊರ ಮಂದಿಯ ದೇವರು, ಗುರುಗಳು, ಮದುಮಕ್ಕಳು, ತೀರಿಹೋದ ಹಿರಿಯರು ಎಲ್ಲರೂ ಮೂವತ್ತು ವರ್ಷದಿಂದ ನನ್ನ ಕೈಯಿಂದಲೇ ಗೋಡೆ ಏರಿದ್ದಾರೆ. ನನ್ನ ಮನೆಯ ಗೋಡೆ ಮಾತ್ರ ಬೋಳು. ನಮ್ಮ ಮದುವೆಯ ಫೋಟೋ ಇನ್ನೂ ಟ್ರಂಕಿನ ತಳದಲ್ಲಿದೆ. ಹೆಂಡತಿ ಅದನ್ನು ಎತ್ತಿ ಆಡದ ಹಬ್ಬವಿಲ್ಲ.

ಒಮ್ಮೆ ಖಾನಾವಳಿಯವರೊಬ್ಬರು ಮೀನು ಸಾಕುವ ಗಾಜಿನ ತೊಟ್ಟಿಯೊಂದು ಸೋರುತ್ತಿದೆಯೆಂದು ಹೊತ್ತು ತಂದರು. ನೋಡಿದರೆ ಮೂಲೆಗಳು ಸೊಟ್ಟ, ಅಂಟು ಎಲ್ಲೆಂದರಲ್ಲಿ ಮೆತ್ತಿದ್ದು. ಗಾಜಿಗೆ ಮಾಡಿದ ಆ ಅವಮಾನ ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಅದನ್ನು ರಿಪೇರಿ ಮಾಡಿ ಕಳಿಸಿದ ವಾರದಲ್ಲೇ ನನ್ನ ಮನೆಗೆಂದು ಮೂರು ಅಡಿ ಉದ್ದದ ತೊಟ್ಟಿ ಕಟ್ಟಲು ಕುಳಿತೆ. ಎಂಟು ಎಂಎಂ ಗಾಜು, ಅಂಚು ಉಜ್ಜಿ ನುಣುಪು ಮಾಡಿದ್ದು. ಸಿಲಿಕಾನ್ ಅಂಟು ಕೂದಲೆಳೆಯಷ್ಟೂ ಹೊರಗೆ ಬಾರದ ಹಾಗೆ ಎಳೆದೆ. ಮಾಳಿಗೆ ಮೇಲೆ ಬೋರಿನ ಸವಳು ನೀರು ತುಂಬಿ ಮೂರು ದಿನ ಬಿಟ್ಟೆ. ಒಂದು ಹನಿ ಸೋರಲಿಲ್ಲ. ಆ ಮೂರು ದಿನ ನಾನು ಎಷ್ಟು ಸಲ ಮೆಟ್ಟಿಲು ಹತ್ತಿದೆನೋ ಲೆಕ್ಕವಿಲ್ಲ.

ಹತ್ತಿರದ ಹರ್ತಿ ಹಳ್ಳಿಗೆ ಫೋಟೋ ಮುಟ್ಟಿಸಲು ಹೋದವನು ಹೊಲದ ಬದುವಿನ ಮಸಾರಿ ಮಣ್ಣನ್ನು ಚೀಲದಲ್ಲಿ ಕಟ್ಟಿ ತಂದೆ. ತೊಟ್ಟಿಯ ತಳಕ್ಕೆ ಆ ಕೆಂಪು ಮಣ್ಣು, ಮೇಲೆ ತೊಳೆದ ಉಸುಕು. ಉಸುಕಿನಲ್ಲಿ ರಿಬ್ಬನ್ನಿನಂಥ ಉದ್ದ ಎಲೆಯ ನೀರುಗಿಡಗಳನ್ನು ಚಿಮಟದಿಂದ ಒಂದೊಂದೇ ನೆಟ್ಟೆ. ಹಿಂದಿನ ಮೂಲೆಯಲ್ಲಿ ಗಾಳಿಯ ಪಂಪಿಗೆ ಜೋಡಿಸಿದ ಸ್ಪಂಜಿನ ಫಿಲ್ಟರ್ ಗುಳುಗುಳು ಎನ್ನುತ್ತಿತ್ತು. ಉಳಿದದ್ದು ನೀರು. ನಮ್ಮಲ್ಲಿ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ನಳ ಬರುತ್ತದೆ. ಆ ನೀರಿಗೆ ಮನೆಯಲ್ಲಿ ಯಜಮಾನಿ ಹೆಂಡತಿ.

"ಹನ್ನೆರಡು ಕೊಡಾ ನೀರು ಮೀನಿಗೇನ್ರಿ?" ಎಂದಳು. ಆಮೇಲೆ ತಾನೇ ಕೊಡ ಎತ್ತಿಕೊಟ್ಟು, "ಆತು, ಹಾಕ್ರಿ. ಮೀನ ಸತ್ತ್ರ ಮಾತ್ರ ಈ ಪೆಟ್ಟಿಗ್ಯಾಗ ನಾ ಜೋಳಾ ತುಂಬಾಕಿ, ನೋಡ್ರಿ" ಎಂದಳು. ನಾನು ಕಟ್ಟಿದ ತೊಟ್ಟಿಯಲ್ಲಿ ಜೋಳ! ಮೈಯೆಲ್ಲ ಉರಿಯಿತು. ಆದರೂ ಒಪ್ಪಿದೆ.

ನೀರು ಎರಡು ದಿನ ನಿಂತು ತಿಳಿಯಾದ ಮೇಲೆ ಹತ್ತು ಗಪ್ಪಿ, ನಾಲ್ಕು ಕರಿ ಮೋಲಿ ಮೀನು ತಂದು ಬಿಟ್ಟೆ. ಬೋಳು ಗೋಡೆಯ ಕೆಳಗೆ ಹಸಿರು, ಹಸಿರಿನ ನಡುವೆ ಬಣ್ಣದ ಬಾಲಗಳು. ಬಂದವರು ಚಹಾ ಆರಿಸಿಕೊಂಡು ನೋಡುತ್ತ ಕೂರುತ್ತಿದ್ದರು. ನಾನೂ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದೆ.

ನಂತರ ನಳ ಬಂತು. ನಳ ಬಂದ ದಿನ ನಮ್ಮ ಓಣಿಯಲ್ಲಿ ಯಾವ ಪಾತ್ರೆಯಲ್ಲೂ ತಂಗಳ ನೀರು ಉಳಿಯುವಂತಿಲ್ಲ. ಹಂಡೆ, ಕೊಡ, ಬಿಂದಿಗೆ ಎಲ್ಲ ಬೋರಲು ಬಿದ್ದು, ತಿಕ್ಕಿಸಿಕೊಂಡು, ಹೊಸ ನೀರು ತುಂಬಿಕೊಳ್ಳಬೇಕು. ನನ್ನ ಕಣ್ಣು ತೊಟ್ಟಿಯ ಮೇಲೆ ಬಿತ್ತು. ಗಾಜಿನ ಒಳಗೆ ತುಸು ಪಾಚಿ ಕಟ್ಟಿತ್ತು, ಸ್ಪಂಜು ಕಂದು ಬಣ್ಣಕ್ಕೆ ತಿರುಗಿತ್ತು. ಗಾಜಿನ ಮೇಲೆ ಬೆರಳಿನ ಗುರುತನ್ನೂ ಸಹಿಸದವನು ನಾನು. ಮೀನುಗಳನ್ನು ಬಕೆಟ್ಟಿಗೆ ಹಾಕಿ, ಹಳೇ ನೀರನ್ನೆಲ್ಲ ಚೆಲ್ಲಿ, ಗಾಜು, ಉಸುಕು, ಸ್ಪಂಜು ಎಲ್ಲವನ್ನೂ ನಳದ ಬುಡದಲ್ಲಿ ತಿಕ್ಕಿ ತೊಳೆದು, ಆಗಷ್ಟೇ ಬಂದ ನೀರನ್ನೇ ತುಂಬಿದೆ. ತೊಟ್ಟಿ ಫಳಫಳ ಹೊಳೆಯಿತು. ಹೆಂಡತಿ ಕೂಡ, "ಈಗ ಹಸನಾತು ನೋಡ್ರಿ" ಎಂದಳು.

ಮೂರನೇ ದಿನಕ್ಕೆ ಒಂದು ಮೀನೂ ಉಳಿಯಲಿಲ್ಲ.

ಮೀನಿನ ಅಂಗಡಿಯವನ ಮುಂದೆ ಹೋಗಿ ಕೂಗಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು ಹೇಳಿದ: "ನೀವ ಕೊಂದ್ರಿ ಕಾಕಾ. ಆ ಸ್ಪಂಜಿನ್ಯಾಗ ಕಣ್ಣಿಗೆ ಕಾಣದ ಜೀವ ಇರ್ತಾವ. ಮೀನಿನ ಹೊಲಸು ಕರಗಿಸಿ ನೀರು ಹಸನ ಇಡೂವ ಅವು. ನಳದ ನೀರಿನ ಬ್ಲೀಚಿಂಗ್ ಪುಡಿಗೆ ಅವೂ ಸತ್ತವು, ಮೀನೂ ಸತ್ತವು."

ನಾಚಿಕೆಯಾಯಿತು. ಸುಳ್ಳು ಯಾಕೆ, ಅಳುವೂ ಬಂತು. ಮನೆಗೆ ಬಂದರೆ ಹೆಂಡತಿ ಜೋಳದ ಚೀಲವನ್ನು ಪಡಸಾಲೆಗೆ ತಂದಿಟ್ಟಿದ್ದಳು. "ಇನ್ನೊಂದ ಸಲಾ" ಎಂದೆ. "ಇದ ಕಡೀದು" ಎಂದು ಚೀಲ ಎಳೆದುಕೊಂಡು ಒಳಗೆ ಹೋದಳು.

ಈ ಸಲ ಅಂಗಡಿಯವನು ಹೇಳಿದಂತೆ ನಡೆದೆ. ಬ್ಲೀಚಿಂಗ್ ವಾಸನೆ ಹೋಗುವ ತನಕ ನಿಂತ ನೀರು, ಗಿಡ, ಓಡುವ ಫಿಲ್ಟರ್, ಅಷ್ಟೇ. ಮೀನಿಲ್ಲ. ಆ ಕಾಣದ ಜೀವಗಳು ಬೆಳೆಯಲೆಂದು ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಉದುರಿಸಬೇಕು. ಪಕ್ಕದ ಮನೆಯ ಚಾಚಿ ಅದನ್ನು ನೋಡಿ, "ಏನಪಾ, ಬರೇ ನೀರಿಗೆ ಉಣಸಾಕತ್ತೀಯಲ್ಲ!" ಎಂದು ಓಣಿ ತುಂಬ ನಗೆ ಹಂಚಿ ಬಂದರು. ಚೌಕಟ್ಟು ಆರಿಸಲು ಅರ್ಧ ಗಂಟೆ ಮಾಡಿದರೆ ಗಿರಾಕಿಗೇ ಬೈಯುವ ನಾನು ಆರು ವಾರ ಬಾಯಿ ಮುಚ್ಚಿಕೊಂಡು ಕಾಯ್ದೆ. ಐದು ಸಲ ನಳ ಬಂದು ಹೋದಾಗಲೂ ಸ್ಪಂಜು ಮುಟ್ಟಲಿಲ್ಲ. ಕೈ ಕೆರೆದಾಗಲೆಲ್ಲ ನನ್ನ ಅಂಗಡಿಗೆ ಓಡಿಹೋಗುತ್ತಿದ್ದೆ.

ಏಳನೇ ವಾರ ಎರಡು ಮೋಲಿ ಬಿಟ್ಟೆ. ಬದುಕಿದವು. ಆಮೇಲೆ ಆರು ಗಪ್ಪಿ. ಅವೂ ಬದುಕಿದವು. ಒಂದು ಮುಂಜಾನೆ ಎಲೆಗಳ ಸಂದಿಯಲ್ಲಿ ಸಾಸಿವೆಗಣ್ಣಿನ ಮರಿಗಳು ಕಂಡವು. ಹೆಂಡತಿಯನ್ನು ಕರೆದು ತೋರಿಸಿದೆ. ಆಕೆ ಬಹಳ ಹೊತ್ತು ಬಗ್ಗಿ ನೋಡಿ, ರೊಟ್ಟಿ ಸೀಯುತ್ತದೆಂದು ಎದ್ದು ಹೋದಳು.

ಅದೇ ವಾರ ನಳ ಬಂತು. ಸುದ್ದಿ ತಿಳಿದು ಅಂಗಡಿ ಬಿಟ್ಟು ಮನೆಗೆ ಬಂದರೆ ಅಂಗಳದ ತುಂಬ ಬೋರಲು ಬಿದ್ದ ಪಾತ್ರೆಗಳು. ಕೈ ಹಚ್ಚಲು ಬಂದಿದ್ದ ಚಾಚಿ ಬಕೆಟ್ಟು, ಮಗ್ಗು ಹಿಡಿದು ತೊಟ್ಟಿಯ ಮುಂದೆ ನಿಂತಿದ್ದರು.

"ಇದೊಂದ ಉಳದೈತಿ ನೋಡವಾ. ಎಷ್ಟ ದಿನದ ತಂಗಳ ನೀರೋ, ಚೆಲ್ಲಿಬಿಡೂಣು."

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಒದ್ದೆ ಕೈಯನ್ನು ಅಡ್ಡ ಹಿಡಿದಳು. "ಅದಕ್ಕ ಕೈ ಹಚ್ಚಬ್ಯಾಡ್ರಿ ಚಾಚಿ. ತಂಗಳ ನೀರಲ್ಲ ಅದು. ನಮ್ಮ ಮನಿಯವರು ಆರು ವಾರ ಕಾಯ್ದು ಮಾಡಿದ ನೀರು."

ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮೂವತ್ತು ವರ್ಷದಲ್ಲಿ ನನ್ನ ಕೈಕೆಲಸವನ್ನು ಆಕೆ ಇನ್ನೊಬ್ಬರ ಮುಂದೆ ಹೀಗೆ ಹೇಳಿದ್ದನ್ನು ಕೇಳಿರಲಿಲ್ಲ. ಕಣ್ಣೀರು ಯಾರಿಗೂ ಕಾಣದಿರಲೆಂದು ಎರಡು ಕೊಡ ಎತ್ತಿಕೊಂಡು ನಳದ ಕಡೆ ನಡೆದೆ.

ಮರುದಿನ ಆಕೆ ಬಜಾರಿಗೆ ಹೋಗಿ ಜೋಳಕ್ಕೆಂದು ಹೊಸ ತಗಡಿನ ಡಬ್ಬಿ ತಂದಳು.