ಬಾಕಿ ಉಳಿದ ಎರಡು ಬಡಿತ

ಈ ಸಂಗತಿ ಹೇಳಿದಾಗಲೆಲ್ಲ ಯಾರಾದರೊಬ್ಬರು, ‘ಅವತ್ತ ಎಷ್ಟ ಹಾಕಿದ್ದೆಪಾ?’ ಎಂದು ಕೇಳಿ ನಗುತ್ತಾರೆ. ನಾನು ಅಥಣಿ ಕಡೆಯ ಸತ್ತಿ ಊರಿನ ಜೈನರ ಮನೆಯವನು. ಚಹಾ ಬಿಟ್ಟರೆ ಬೇರೆ ಚಟವಿಲ್ಲ. ಅರ್ಧ ಆಯುಷ್ಯ ಲಾರಿ ಓಡಿಸಿದ್ದೇನೆ, ದೆವ್ವಕ್ಕಿಂತ ಚೆಕ್‌ಪೋಸ್ಟಿಗೆ ಹೆಚ್ಚು ಹೆದರಿದವನು. ನಗುವವರು ನಗಲಿ. ಇದು ನನ್ನ ಕಿವಿ ಕೇಳಿದ್ದು, ನನ್ನ ಮೂಗಿಗೆ ಬಡಿದದ್ದು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ತಂಗಿ ಪದ್ಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಪ್ಪ ತೀರಿಕೊಂಡಿದ್ದ. ಚೊಚ್ಚಲ ಬಾಣಂತನ ತವರಿನ ಹೊಣೆ, ಅಂದರೆ ನನ್ನದು. ಒಂದು ದಿನ ದೀಪ ಹಚ್ಚುವ ಹೊತ್ತಿಗೆ ನೋವು ಶುರುವಾಯಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ ಕೂಸು ಅಡ್ಡ ತಿರುಗಿದೆ, ತನ್ನ ಕೈಯಲ್ಲಿ ಆಗುವ ಮಾತಲ್ಲ, ಗಡಿಯಾಚೆ ಮಿರಜಿನ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದಳು. ನಮ್ಮ ಕಡೆ ಜೀವದ ಮೇಲೆ ಬಂದರೆ ಎಲ್ಲರೂ ಹಿಡಿಯುವ ದಾರಿ ಮಿರಜಿನದೇ.

ಬಾಗಿಲಲ್ಲಿದ್ದ ಗಾಡಿ ಒಂದೇ, ನನ್ನ ಲಾರಿ. ನಿಪ್ಪಾಣಿಯಲ್ಲಿ ತಂಬಾಕು ಇಳಿಸಿ ಬಂದು ಖಾಲಿ ನಿಂತಿತ್ತು. ಕ್ಲೀನರ್ ತನ್ನೂರಿಗೆ ಹೋಗಿದ್ದ. ಕ್ಯಾಬಿನ್ನಿನ ಸೀಟಿಗೆ ಕೌದಿ ಹಾಸಿ ಪದ್ಮಾಳನ್ನು ಮಲಗಿಸಿದೆವು. ಅವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಣಮೋಕಾರ ಮಂತ್ರ ಹೇಳತೊಡಗಿದಳು. ಹಿಂದಿನ ಹಲಗೆಗೆ ಸರಪಳಿ ಬಿಗಿದು ನಾನು ಹೊರಟೆ.

ಅಥಣಿ ದಾಟಿ ಕಾಗವಾಡದ ದಾರಿ ಹಿಡಿದೆ. ಎರಡೂ ಬದಿಗೆ ಕಬ್ಬು... ಎದುರಿಗೆ ಒಂದೂ ಬೆಳಕಿಲ್ಲ. ಆಗ ಇಂಜಿನ್ ಒಮ್ಮೆ ಬಿಕ್ಕಿತು. ಮತ್ತೆ ಬಿಕ್ಕಿತು... ನಿಂತೇಬಿಟ್ಟಿತು.

ಬಾನೆಟ್ ಎತ್ತಿ ಕೈಬ್ಯಾಟರಿಯ ಬೆಳಕು ಹಿಡಿದು ನೋಡಿದೆ. ಟ್ಯಾಂಕಿನಿಂದ ಪಂಪಿಗೆ ಡೀಸೆಲ್ ತರುವ ರಬ್ಬರ್ ಪೈಪು ಒಣಗಿದ ಹಪ್ಪಳದ ಹಾಗೆ ಸೀಳಿತ್ತು. ಡೀಸೆಲ್ ಬದಲು ಗಾಳಿ ಎಳೆಯುತ್ತಿತ್ತು. ಮೇಲೆ ಕ್ಯಾಬಿನ್ನಿನಲ್ಲಿ ಪದ್ಮಾ ಹಲ್ಲು ಕಚ್ಚಿ ನರಳುತ್ತಿದ್ದಳು.

ಟೂಲ್ ಪೆಟ್ಟಿಗೆಯಲ್ಲಿ ಹೊಸ ಪೈಪಿನ ತುಂಡಿತ್ತು, ದೇವರು ದೊಡ್ಡವನು. ಬ್ಯಾಟರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹಳೆಯದನ್ನು ಕಿತ್ತೆ. ಹೊಸದನ್ನು ಅಳತೆಗೆ ಕೊಯ್ದು, ತುದಿಗೆ ಡೀಸೆಲ್ ಸವರಿ ಒತ್ತಿ ಕೂರಿಸಿ, ಕ್ಲಿಪ್ ಬಿಗಿದೆ. ಮೊಳಕೈವರೆಗೆ ಡೀಸೆಲ್ ಇಳಿದಿತ್ತು.

ಆದರೆ ಪೈಪು ಹಾಕಿದ ಮಾತ್ರಕ್ಕೆ ಡೀಸೆಲ್ ಗಾಡಿ ಏಳುವುದಿಲ್ಲ. ಒಳಗೆ ಸೇರಿದ ಗಾಳಿ ತೆಗೆಯಬೇಕು. ಒಬ್ಬ ಕೈಪಂಪು ಒತ್ತುತ್ತಿರಬೇಕು, ಇನ್ನೊಬ್ಬ ಫಿಲ್ಟರಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರತೊಡಗಿದ ಕೂಡಲೇ ಬಿಗಿಯಬೇಕು. ನನ್ನ ಗಾಡಿಯಲ್ಲಿ ಪಂಪು ಇಂಜಿನ್ನಿನ ಒಂದು ಬದಿ, ಸ್ಕ್ರೂ ಇನ್ನೊಂದು ಬದಿ. ಆಚೆ ಹೋಗಿ ಪಂಪು ಒತ್ತಿ ಈಚೆ ಓಡಿ ಬರುವಷ್ಟರಲ್ಲಿ ಮತ್ತೆ ಗಾಳಿ ಹೊಕ್ಕಿರುತ್ತಿತ್ತು. ಹಾಗೆ ಎಷ್ಟು ಸಲ ಓಡಿದೆನೋ. ಮೇಲಿನಿಂದ ಅವ್ವನ ಧ್ವನಿ ಕೇಳಿತು.

“ಲಗೂ ಮಾಡೋ ಬಾಬು... ಪದ್ಮಾನ ಕೈ ತಣ್ಣಗಾಗಾಕತ್ತಾವ.”

ನನಗೆ ಅಳು ಬಂತು. ಸ್ಕ್ರೂ ಹಿಡಿದು ನಿಂತಲ್ಲಿಂದಲೇ ಕಬ್ಬಿನ ಕಡೆ ಮುಖ ಮಾಡಿ ಕೂಗಿದೆ. “ಯಾರರ ಬರ್ರಿ... ಯಾರರ ಬಂದ ಒಂದೀಟ ಪಂಪ್ ಹೊಡೀರಿ.”

ಕೂಗಿದ ಮೇಲೆ ಉಸ್ತಾದರ ಮಾತು ನೆನಪಾಯಿತು. ನನಗೆ ಲಾರಿ ಕಲಿಸಿದ ಮುದುಕ ಅವರು. ಸ್ಟೇರಿಂಗ್ ಮುಟ್ಟಲು ಬಿಡುವ ಮೊದಲೇ ಹೇಳಿದ್ದರು: “ರಾತ್ರಿ ದಾರ್ಯಾಗ ಕರದ್ರ ಹೆಸರ ಹಿಡದ ಕರಿ. ಯಾರರ ಬರ್ರಿ ಅನಬ್ಯಾಡ. ಯಾರರ ಬರ್ತಾರ.”

ಚಪ್... ಚಪ್... ಚಪ್...

ಬಾನೆಟ್ಟಿನ ಆ ಬದಿಯಲ್ಲಿ ಯಾರೋ ಪಂಪು ಒತ್ತತೊಡಗಿದರು.

ನಾನು ಹೆದರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಮ್ಮಲ್ಲಿ ಕರೆಂಟು ಬರುವುದೇ ರಾತ್ರಿ, ರೈತರು ಕಬ್ಬಿಗೆ ನೀರು ಬಿಡುವುದೂ ರಾತ್ರಿಯೇ. ಹಾಗೆ ಹೊಲದಲ್ಲಿದ್ದ ಪುಣ್ಯಾತ್ಮನೊಬ್ಬ ಬಂದನೆಂದುಕೊಂಡೆ. “ಭಾಳ ಉಪಕಾರ ಆತ್ರಿ,” ಎಂದೆ. ಪಂಪಿನ ಸದ್ದು ಮಾತ್ರ ಒಂದೇ ಲಯದಲ್ಲಿ ನಡೆದಿತ್ತು, ಕೈ ಪಳಗಿದವನ ಸದ್ದು. ಸ್ಕ್ರೂ ಬಾಯಲ್ಲಿ ನೊರೆ ಬಂತು, ಗುಳ್ಳೆ ಬಂತು, ಆಮೇಲೆ ಗುಳ್ಳೆ ಕಡಿಮೆಯಾಗುತ್ತ ಬಂದು ಬರೀ ಡೀಸೆಲ್ ಹರಿಯಿತು.

ನಾನು ‘ಸಾಕ್ರಿ’ ಎನ್ನಬೇಕೆಂದು ಬಾಯಿ ತೆರೆದೆ... ಮಾತು ಹೊರಬೀಳುವ ಮೊದಲೇ ಪಂಪು ನಿಂತಿತು.

ಆಗಲೇ ಆ ವಾಸನೆ ಬಡಿಯಿತು. ಹೊಳೆಯ ತಳದ ಹಸಿ ರಾಡಿಯ ವಾಸನೆ. ನಾನು ಕೃಷ್ಣೆಯ ದಂಡೆಯಲ್ಲಿ ಬೆಳೆದವನು, ಆ ವಾಸನೆ ಗುರುತಿಸಲು ನನಗೆ ಬೆಳಕು ಬೇಡ. ಆದರೆ ಹೊಳೆ ಅಲ್ಲಿಂದ ಎಷ್ಟೋ ದೂರ, ಅದೂ ಬೇಸಿಗೆ. ಸ್ಕ್ರೂ ಬಿಗಿದು ಆ ಬದಿಗೆ ಹೋದೆ. ಯಾರೂ ಇಲ್ಲ. ಕಬ್ಬಿನ ಒಂದು ಗರಿಯೂ ಅಲುಗುತ್ತಿರಲಿಲ್ಲ. ಪಂಪು ಒತ್ತುವ ಗುಬಟು ಮುಟ್ಟಿದರೆ ಅದರ ಮೇಲೆ ಡೀಸೆಲ್ ಇರಲಿಲ್ಲ, ನೀರಿತ್ತು. ತಣ್ಣಗಿತ್ತು.

ಕ್ಯಾಬಿನ್ ಹತ್ತಿದೆ. ಅವ್ವ ಪಿಸುಗುಟ್ಟಿದಳು. “ಯಾರ ಜೋಡಿ ಮಾತಾಡಾಕತ್ತಿದ್ದಿ? ನನಗ ಯಾರೂ ಕಾಣಲಿಲ್ಲ.”

ನಾನು ಸೆಲ್ಫ್ ಹೊಡೆದೆ. ಇಂಜಿನ್ ಎದ್ದಿತು. ಅದೇ ಹೊತ್ತಿಗೆ ಹಿಂದಿನ ಖಾಲಿ ಬಾಡಿಯಿಂದ... ಧಪ್, ಧಪ್.

ಲಾರಿಯವರ ಭಾಷೆ ಅದು. ಹಿಂದಿನಿಂದ ಒಂದು ಬಡಿತವೆಂದರೆ ನಿಲ್ಲಿಸು, ಎರಡೆಂದರೆ ಹೋಗು. ಹಿಂದೆ ಕುಳಿತವನು ಇಳಿದ ಮೇಲೂ ಎರಡು ಬಡಿಯಬೇಕು, ‘ನಾನು ಇಳಿದೆ, ನೀನು ಹೋಗು’ ಎಂದು. ಆ ಎರಡು ಕೇಳದೆ ಗಾಡಿ ಬಿಡುವಂತಿಲ್ಲ, ಅವನ ಕಾಲು ಇನ್ನೂ ಹಲಗೆಯ ಮೇಲೆ ಇದ್ದೀತು.

ಎರಡು ಬಡಿತ ಕೇಳಿದ್ದೇ ತಡ, ರೂಢಿಯ ಕಾಲು ತಾನೇ ಕ್ಲಚ್ ಬಿಟ್ಟಿತು. ಕನ್ನಡಿಯಲ್ಲಿ ನೋಡುವ ಧೈರ್ಯವಾಗಲಿಲ್ಲ. ಇಳಿದು ಹುಡುಕುತ್ತ ನಿಂತರೆ ತಂಗಿ ಉಳಿಯುವುದಿಲ್ಲ, ಇಳಿಯದಿದ್ದರೆ ಯಾರನ್ನು ಹೊತ್ತು ನಡೆದಿದ್ದೇನೋ ಗೊತ್ತಿಲ್ಲ. ಬಂದದ್ದು ಬರಲಿ ಎಂದು ತುಳಿದೆ. ಕಾಗವಾಡ ಹೋಯಿತು, ಗಡಿ ಹೋಯಿತು. ಹಿಂದೆ ಯಾವ ಸದ್ದೂ ಇರಲಿಲ್ಲ. ರಾಡಿಯ ವಾಸನೆ ಮಾತ್ರ ಕ್ಯಾಬಿನ್ನಿನೊಳಗೂ ಇತ್ತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡದ್ದನ್ನು ನಾನು ನೋಡಿದೆ.

ಮಿರಜಿನ ಆ ದವಾಖಾನೆಗೆ ನಾನು ಹಿಂದೆಂದೂ ಹೋದವನಲ್ಲ. ಬೀದಿಯಲ್ಲಿ ಕರೆಂಟು ಹೋಗಿತ್ತು. ಮರಗಳ ಕತ್ತಲಲ್ಲಿ ಗೇಟು ಕಾಣದೆ ಮುಂದೆ ಹೋಗುತ್ತಿದ್ದೆ... ಧಪ್.

ಒಂದೇ ಬಡಿತ. ಬ್ರೇಕ್ ಒತ್ತಿದೆ. ತಿರುಗಿ ನೋಡಿದರೆ ಗೇಟಿನ ಎದುರಿಗೇ ನಿಂತಿದ್ದೆ.

ಪದ್ಮಾಳನ್ನು ಒಳಗೆ ಎತ್ತಿ ಒಯ್ದರು, ಅವ್ವನೂ ಹೋದಳು. ನಾನು ಸ್ಟೇರಿಂಗ್ ಬಿಟ್ಟು ಏಳಲಿಲ್ಲ. ಆ ಎರಡು ಬಡಿತಕ್ಕೆ ಕಾಯುತ್ತಿದ್ದೆ. ಇಳಿಯಲಿ, ಬಡಿಯಲಿ, ಹೋಗಲಿ ಎಂದು ಅವ್ವನ ಮಂತ್ರವನ್ನೇ ನಾನೂ ಹೇಳಿದೆ. ಬಡಿತ ಬರಲಿಲ್ಲ. ಬಂದದ್ದು ಒಳಗಿನಿಂದ ಕೂಸಿನ ಅಳು. ನರ್ಸಬಾಯಿ ಹೊರಗೆ ಬಂದು ಮರಾಠಿಯಲ್ಲಿ “ದೋಘಂಹೀ ವಾಚಲೀ” ಎಂದಳು. ಇಬ್ಬರೂ ಉಳಿದರು, ಗಂಡು ಕೂಸು. ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತಂತೆ. ನಾನು ಅಲ್ಲೇ ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತೆ.

ಬೆಳಕು ಹರಿದ ಮೇಲೆ ಹಿಂದೆ ಹೋಗಿ ನೋಡಿದೆ. ಸರಪಳಿ ಬಿಗಿದಂತೆಯೇ ಇತ್ತು. ಬಾಡಿಯ ತುಂಬ ತಂಬಾಕಿನ ಧೂಳು, ಅದರ ಮೇಲೆ ಒಂದು ಹೆಜ್ಜೆಯೂ ಇಲ್ಲ.

ಆಮೇಲೆ ಗಾಡಿ ಎಂದಿನಂತೆ ನಡೆಯಿತು. ಕ್ಲೀನರ್ ದಿನಾ ಬಡಿಯುತ್ತಿದ್ದ, ಅದು ಅವನ ಬಡಿತ. ಆ ರಾತ್ರಿಯವನದು ಬಾಕಿಯೇ ಉಳಿಯಿತು. ಒಬ್ಬನೇ ಗಾಡಿ ಹೊರಡಿಸುವಾಗಲೆಲ್ಲ ನಾನು ಒಂದು ಗಳಿಗೆ ಕಿವಿಗೊಟ್ಟು ಕೂರುತ್ತಿದ್ದೆ.

ಮುಂದೆ ಕೂಸಿಗೆ ಮೂರು ತುಂಬಿದಾಗ ಪದ್ಮಾ ಪಂಚಮಿಗೆ ತವರಿಗೆ ಬಂದಳು. ಸೋದರಳಿಯ ಹಟ ಹಿಡಿದನೆಂದು ಬೇವಿನ ಗಿಡದ ಕೆಳಗೆ ನಿಂತಿದ್ದ ಲಾರಿ ಹತ್ತಿಸಿ, ಹಾರನ್ ಬಾರಿಸಲು ಬಿಟ್ಟು, ಆಮೇಲೆ ಎತ್ತಿ ಇಳಿಸಿದೆ. ಕಾಲು ನೆಲ ಮುಟ್ಟಿದ್ದೇ ಅವನು ಹಿಂದಕ್ಕೆ ಓಡಿದ. ಮಡ್‌ಗಾರ್ಡಿನ ತಗಡಿಗೆ ಅಂಗೈಯಿಂದ ಬಡಿದ. ಧಪ್, ಧಪ್.

ನನ್ನ ಮುಖ ನೋಡಿ ಮೆಲ್ಲಗೆ ಹೇಳಿದ. “ಹೋಗ ಮಾಮಾ. ನಾ ಇಳದೇನಿ.”

ಪದ್ಮಾ ನಕ್ಕಳು, ಕ್ಲೀನರನ ನೋಡಿ ಕಲಿತಾನ ಎಂದಳು. ಕಲಿತಿರಬಹುದು. ಹಸಿ ರಾಡಿಯ ವಾಸನೆಯೂ ಬಂತು, ಆದರೆ ಪಂಚಮಿ ಮಳೆ ಬಿದ್ದು ಓಣಿಯೆಲ್ಲ ರಾಡಿಯಾಗಿತ್ತು. ಅವ್ವ ಮಾತ್ರ ನಗಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು.

ಪದ್ಮಾಳಿಗೆ ಇದನ್ನು ನಾನು ಇಂದಿಗೂ ಹೇಳಿಲ್ಲ. ಅಜ್ಜಿಯ ಊರಲ್ಲಿದ್ದು ಮರಾಠಿ ಶಾಲೆ ಕಲಿತವಳು, ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಬರೆದಿದ್ದೇನೆ. ಆದರೆ ಅಳಿಯನಿಗೆ ಬರುತ್ತದೆ. ಓದಿ, ‘ಇದೇನ ಮಾಮಾ?’ ಎಂದು ಕೇಳಿದರೆ ನನಗೆ ಚಿಂತೆಯಿಲ್ಲ. ಓದಿಯೂ ಏನೂ ಕೇಳದೆ ಸುಮ್ಮನೆ ನನ್ನ ಮುಖ ನೋಡಿದರೆ...