ಪಿಂಕಿಯ ಬಲಗಾಲು

ಭಾಲ್ಕಿ ಕಡೆಯ ಕಾಶಿನಾಥ ಹೈದರಾಬಾದಿಗೆ ಬಂದು ಹದಿನಾರು ವರ್ಷವಾಗಿತ್ತು. ಸಿಕಂದರಾಬಾದಿನ ಒಂದು ಖಾಸಗಿ ಪಾರ್ಸೆಲ್ ಗೋದಾಮಿನಲ್ಲಿ, ಸಾಮಾನು ಮೂಸಿ ಸ್ಫೋಟಕ ಪತ್ತೆಹಚ್ಚುವ ನಾಯಿಯನ್ನು ನಡೆಸುವುದು ಅವನ ಕೆಲಸ. "ನಾಯಿ ಕಣ್ಣು ನೋಡಿದ್ರ ಸಾಕು, ಅದರ ಹೊಟ್ಟ್ಯಾಗಿಂದು ನನಗ ತಿಳೀತೈತಿ" ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದ.

ಅವನ ನಾಯಿ ಪಿಂಕಿ, ಐದು ವರ್ಷದ ಲ್ಯಾಬ್ರಡಾರ್. ಏಪ್ರಿಲಿನಲ್ಲಿ ಅದು ಮೆಟ್ಟಿಲ ಬುಡಕ್ಕೆ ಬಂದು ನಿಂತುಬಿಡತೊಡಗಿತು. ಸೆಕೆಗೆ ಸೋಮಾರಿಯಾಗಿದೆ ಅಂದುಕೊಂಡ ಕಾಶಿನಾಥ. ಗದರಿದ, ಹಗ್ಗ ಜಗ್ಗಿದ, ಕೆಲಸ ಮುಗಿದ ಮೇಲೆ ಕೊಡುವ ಚೆಂಡನ್ನೂ ಕೊಡದೆ ಜೇಬಿಗಿಳಿಸಿದ. ಪಿಂಕಿ ಹತ್ತಿತು.

ಜೂನಿನಲ್ಲಿ ಸುಹಾಸಿನಿ ಎಂಬ ಮೈಸೂರಿನ ಇಂಜಿನಿಯರ್ ನಾಯಿಗೆ ತೊಡಿಸುವ ಒಂದು ಅಂಗಿ ತಂದಳು. ಎದೆಬಡಿತ, ಮೈಬಿಸಿ, ನಡಿಗೆ ಎಲ್ಲವೂ ಅವಳ ಟ್ಯಾಬ್‌ನಲ್ಲಿ ಮೂಡುತ್ತಿತ್ತು. ಹೆಗಲ ಮೇಲೆ ಸಣ್ಣಗೆ ನಡುಗಿಸಿ, ಎಡಕ್ಕೆ ಬಲಕ್ಕೆ ತಿರುಗೆಂದು ದೂರದಿಂದಲೇ ಹೇಳಬಹುದಿತ್ತು. ಮೂರನೆಯ ದಿನ ಅವಳು ಕಾಶಿನಾಥನನ್ನು ಕರೆದಳು.

"ಇಲ್ಲಿ ನೋಡಿ. ಮೆಟ್ಟಿಲು ಹತ್ತೋವಾಗ ಎದೆಬಡಿತ ಎಷ್ಟು ಏರ್ತಿದೆ! ಬಲಗಡೆ ಹಿಂಗಾಲಿನ ಮೇಲೆ ಭಾರಾನೇ ಹಾಕ್ತಿಲ್ಲ. ಪಾಪ, ನೋವಿದೆ ಇದಕ್ಕೆ. ಯಾವಾಗಿಂದ ಹೀಗೆ?"

ಪಕ್ಕದಲ್ಲೇ ಮೇಲ್ವಿಚಾರಕ ಮಹೇಶಕುಮಾರ ನಿಂತಿದ್ದ.

"ಎರಡು ದಿನದಿಂದ್ರಿ" ಎಂದುಬಿಟ್ಟ ಕಾಶಿನಾಥ.

ಪಿಂಕಿಯನ್ನು ನೋಡಿದ ಡಾಕ್ಟರು ಆ ಮಾತನ್ನೇ ನಂಬಿದರು. ಉಳುಕಿರಬೇಕೆಂದು ಮಾತ್ರೆ ಬರೆದು, ನಾಲ್ಕು ದಿನ ಬಿಟ್ಟು ಕೆಲಸಕ್ಕೆ ಹಚ್ಚಬಹುದೆಂದರು.

ಆ ನಾಲ್ಕು ದಿನ ಅವನಿಗೆ ಅನ್ನ ಸೇರಲಿಲ್ಲ. ಗೂಡಿನ ಬಾಗಿಲು ತೆಗೆದರೆ ಪಿಂಕಿ ಓಡಿಬಂದು ಅಂಗೈ ನೆಕ್ಕುತ್ತಿತ್ತು. ಹಗ್ಗ ಜಗ್ಗಿದ್ದೂ ಅದೇ ಕೈ. ತಟ್ಟೆ ಮುಂದೆ ಸುಮ್ಮನೆ ಕೂತವನನ್ನು ಹೆಂಡತಿ ಶಿವಗಂಗಾ ಕೇಳಿದಳು, "ಏನಾಗೈತ್ರಿ ನಿಮಗ?"

"ಸುಳ್ಳು ಹೇಳೀನಿ. ಅದೂ ಮಾತು ಬರದ ಜೀವದ ವಿಷಯದಾಗ."

ಎಲ್ಲ ಕೇಳಿ ಅವಳೆಂದಳು, "ಹೋಗಿ ಖರೇ ಹೇಳ್ರಿ. ನೌಕರಿ ಹೋದ್ರ ಹೋಗ್ಲಿ."

ಐದನೆಯ ಬೆಳಿಗ್ಗೆ ಅಂಗಿ ತೊಡಿಸಲು ಬಂದ ಸುಹಾಸಿನಿಯನ್ನು ಅವನು ತಡೆದ. "ಮೇಡಂ, ಎರಡು ದಿನ ಅಲ್ರಿ. ಎರಡು ತಿಂಗಳಾತು. ನಾನೇ ಜಗ್ಗಿ ಜಗ್ಗಿ ಹತ್ತಿಸೀನಿ."

ಅವಳು ಅಂಗಿ ಮಡಚಿಟ್ಟು ಡಾಕ್ಟರಿಗೆ ಫೋನ್ ಮಾಡಿದಳು. ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸವೆದದ್ದು ಕಂಡಿತು. ಮೊದಲೇ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು ಡಾಕ್ಟರು. ಗೋದಾಮಿನವರು ಪಿಂಕಿಯನ್ನು ಕೆಲಸದಿಂದ ಬಿಡಿಸಿದರು. ಕಾಶಿನಾಥನನ್ನು ಗೇಟ್ ಕಾಯಲು ಹಾಕಿದರು. ಅದಕ್ಕೆ ಅವನು ತಕರಾರು ಮಾಡಲಿಲ್ಲ. "ಸಾಬ್, ಪಿಂಕೀನ ನನಗ ಕೊಡ್ರಿ" ಎಂದಷ್ಟೇ ಕೇಳಿದ.

"ಯಾವ ಮುಖ ಇಟಗೊಂಡು ಕೇಳಾಕತ್ತಿ?" ಎಂದ ಮಹೇಶಕುಮಾರ.

ಸುಹಾಸಿನಿಯೇ ಹೇಳಿದಳು, "ಕೊಡಿ ಸರ್. ಇನ್ಮೇಲೆ ಯಾರಿಗಿಂತ ಚೆನ್ನಾಗಿ ಇವರೇ ನೋಡ್ಕೋತಾರೆ."

ಈಗ ಪಿಂಕಿ ದಿಲ್‌ಸುಖ್‌ನಗರದಲ್ಲಿ, ಅವನ ಮೆಟ್ಟಿಲಿಲ್ಲದ ಬಾಡಿಗೆ ಮನೆಯಲ್ಲಿದೆ. ಸಂಜೆ ಅವನ ಸದ್ದು ಕೇಳಿದೊಡನೆ ಮುಲುಕುತ್ತ ಏಳುತ್ತದೆ. "ಏಳಬ್ಯಾಡವಾ, ಕೂಡು, ನಾನ ಬರ್ತೀನಿ" ಎಂದು ಹೊರಗಿನಿಂದಲೇ ಕೂಗಿದರೂ ಕೇಳುವುದಿಲ್ಲ. ಅದು ಏಳುವುದರೊಳಗೆ ಒಳಗೆ ತಲುಪಬೇಕೆಂದು ಅವನು ಗಲ್ಲಿಯ ತಿರುವಿನಿಂದಲೇ ಬಿರುಸಾಗಿ ನಡೆಯುತ್ತಾನೆ. ಇನ್ನೂ ಒಂದು ದಿನವೂ ಸಾಧ್ಯವಾಗಿಲ್ಲ.