ನೀಲಿಯಾಗಿ ಕಂಡ ಬೆಟ್ಟ

ಗ್ರಾಮಸಭೆಯ ದಿನ, ಬೆಳಿಗ್ಗೆ ಹತ್ತು ಗಂಟೆ. ಹಾಜರಿದ್ದವರು: ಪಂಚಾಯ್ತಿ ಅಧ್ಯಕ್ಷರು, ಸದಸ್ಯರು, ಜಲ್ಲಿ ಕ್ರಷರ್‌ನ ಮಾಲೀಕ, ಅರ್ಧ ಊರು. ನಡಾವಳಿ ಬರೆಯಲು ನನ್ನನ್ನು ಕೂರಿಸಿದ್ದರು. ನನ್ನ ಅತ್ತಿಗೆ ಹೊತ್ತಿಗೆ ಸರಿಯಾಗಿ ಬಂದರು. ಸೀಮೆಸುಣ್ಣ ಹಿಡಿದು ಹಿಡಿದು ಬಿರಿದ ಬೆರಳುಗಳಲ್ಲಿ ಉರಿಯುವ ಊದುಬತ್ತಿ, ಕಂಕುಳಲ್ಲಿ ಕಪ್ಪು ಕೊಡೆ.

ಚನ್ನಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಆಮೇಲೆ ಊರಲ್ಲಿ ರೇಷ್ಮೆ ಹುಳ ಸಾಕಿದರು. ಐದಕ್ಕೆ ಸೊಪ್ಪು, ಆರಕ್ಕೆ ಕಾಫಿ. ತಡವಾಗಿ ಹೋದವರಿಗೆ ಆರಿದ ಕಾಫಿಯೇ. "ಕಣ್ಣೈತೆ, ನೋಟ ಇಲ್ಲ" ಎನ್ನುವುದು ಅವರ ಬೈಗುಳ. ಕ್ರಷರ್ ಬಂದ ಮೇಲೆ ಹಿಪ್ಪುನೇರಳೆಯ ಮೇಲೆ ಧೂಳು ಕೂತು ಹುಳ ಗೂಡು ಕಟ್ಟದೆ ಸತ್ತವು, ಅವರಿಗೆ ಕೆಮ್ಮು ಹತ್ತಿತು. ಈಗ ಅದೇ ಕ್ರಷರಿನ ಪರವಾನಗಿ ಮುಂದುವರಿಸಲು ಸಭೆಯ ಒಪ್ಪಿಗೆ ಕೇಳಿದ್ದರು.

ಮಾಲೀಕ ವಾರವೆಲ್ಲ ರಸ್ತೆಗೆ ನೀರು ಹೊಡೆಸಿದ್ದ. ಬಿಳಿ ಧೂಳು ಅಡಗಿ, ಎದುರಿನ ಬೆಟ್ಟ ನೀಲಿಯಾಗಿ ಕಾಣುತ್ತಿತ್ತು. ಊರಿಗೆ ಖುಷಿ. ಒಬ್ಬ ಸದಸ್ಯ ಎದ್ದು, "ನೋಡಿ ಮೇಡಮ್ಮೋರೆ, ಬೆಟ್ಟ ಎಂಗೆ ನೀಲಿಗೈತೆ. ಗಾಳಿ ಕಿಲೀನ್ ಆಗೋಯ್ತು" ಎಂದ.

ಅತ್ತಿಗೆ ಕೊಡೆ ಬಿಚ್ಚಿ ಅದರ ಮುಂದೆ ಊದುಬತ್ತಿ ಹಿಡಿದರು. ಹೊಗೆ ನೀಲಿಯಾಗಿ ಎದ್ದಿತು. "ಇದೂ ಕಿಲೀನಾ? ಒಸಿ ಮೂಗಿಟ್ಟು ಎಳ್ಕೊಳ್ಳಪ್ಪ."

ಸಭೆ ನಕ್ಕಿತು. ಅವರು ನಗಲಿಲ್ಲ. ದಪ್ಪ ಕಣ ಎಲ್ಲ ಬಣ್ಣವನ್ನೂ ಒಂದೇ ಸಮ ಚೆದುರಿಸಿ ಬೆಳ್ಳಗೆ ಕಾಣುತ್ತದೆ, ನೀರು ಹೊಡೆದರೆ ನೆಲ ಹಿಡಿಯುತ್ತದೆ ಎಂದರು. ಬೆಳಕಿನ ಅಲೆಗಿಂತ ಸಣ್ಣ ಕಣ ನೀಲಿಯನ್ನೇ ಹೆಚ್ಚು ಚೆದುರಿಸುತ್ತದೆ; ಅದು ತೇಲುತ್ತಲೇ ಇದ್ದು ಎದೆಗೆ ಇಳಿಯುತ್ತದೆ. ಜನರೇಟರ್ ಉಗುಳುವ ಮಸಿ ಬೆಳಕನ್ನೇ ನುಂಗುತ್ತದೆ, ಅದಕ್ಕೇ ಕಪ್ಪು. "ಕೂಗಳತೆ ದೂರದ ಬಂಡೆ ಅದು. ಬಿರುಕು, ಕತ್ತಾಳೆ ಎಲ್ಲ ಕಾಣ್ಬೇಕು. ನೀಲಿ ಕಂಡ್ರೆ ನಡುವೆ ಏನೋ ಐತೆ ಅಂತ."

ಆದರೂ ಕೈಗಳು ಎದ್ದವು. ಕ್ರಷರಿನಲ್ಲಿ ಕೂಲಿಗಿದ್ದ ಮನೆಗಳವು ಮೊದಲು, ಆಮೇಲೆ ಉಳಿದವು. ಅತ್ತಿಗೆ ಮಾತ್ರ ಕೈಕಟ್ಟಿ ನಿಂತರು. ಒಂದು ಕೈಯಿಂದ ಏನಾಗಬೇಕು, ಸರ್ವಾನುಮತ ಅಂತ ಬರೀರಿ ಎಂದು ಮಾಲೀಕ ನನಗೆ ಹೇಳಿದ.

"ಒಬ್ಬಳು ಒಪ್ಪಲಿಲ್ಲ ಅಂತ ಬರಿಯಪ್ಪ," ಎಂದರು ಅತ್ತಿಗೆ. "ಯಾಕೆ ಅಂತಾನೂ ಬರಿ."

ಹೋದ ಮಾಘದಲ್ಲಿ ಅವರು ತೀರಿಕೊಂಡರು. ಕ್ರಷರ್ ಓಡುತ್ತಿದೆ, ಆದರೆ ತಪಾಸಣೆಗೆ ಬಂದವರೆಲ್ಲ ನಡಾವಳಿಯಲ್ಲಿರುವ ಅವರ ಆಕ್ಷೇಪಣೆಗೆ ಮಾಲೀಕನಿಂದ ಉತ್ತರ ಕೇಳುತ್ತಾರೆ. ಆ ದಿನ ಜನ ಎದ್ದು ಹೋದ ಮೇಲೂ ನಾನು ಅಧ್ಯಕ್ಷರನ್ನು ಬಿಡಲಿಲ್ಲ. ಬಿಳಿಯದು, ನೀಲಿಯದು, ಕಪ್ಪನೆಯದು, ಅತ್ತಿಗೆ ಹೇಳಿದಷ್ಟನ್ನೂ ಬರೆದು, ಗಟ್ಟಿಯಾಗಿ ಓದಿ, ರುಜು ಹಾಕಿಸಿಕೊಂಡು ಎದ್ದೆ.